ಮೂಲೆ ಮುಚ್ಚದ ಕೌದಿ

ಅವತ್ತು ನಾನು "ಈಕಿ ನಮ್ಮಕ್ಕ" ಎನ್ನಲಿಲ್ಲ. ಆಡಬೇಕಿದ್ದುದು ಅಷ್ಟೇ ಮಾತು. ಅದನ್ನೇ ನುಂಗಿಕೊಂಡೆ.

ನಾನು ರಾಯಚೂರಿನಲ್ಲಿ ಗೂಡ್ಸ್ ಆಟೊ ಓಡಿಸುವವನು. ಐದನೇ ತರಗತಿಗೆ ಶಾಲೆ ಬಿಟ್ಟೆ. ಅಕ್ಕ ಅದಕ್ಕೂ ಮೊದಲೇ ಬಿಟ್ಟಿದ್ದಳು, ನನ್ನನ್ನು ಎತ್ತಿ ಆಡಿಸಲು. ಅವಳನ್ನು ಮಾನ್ವಿಗೆ ಕೊಟ್ಟಿದೆ. ಅಪ್ಪ, ಅವ್ವ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ನಾನೊಬ್ಬನೇ.

ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಹೆಂಗಸರನ್ನು ಕೂಡಿಸಿ ಕೌದಿ ಹೊಲಿದು ಮಾರಬೇಕೆಂದು ಅಕ್ಕ ಹೊರಟಾಗ ನನಗೆ ನಾಚಿಕೆಯಾಯಿತು. ಕೌದಿಗೆ ಹಳೆಯ ಸೀರೆ ಬೇಕು, ಅದಕ್ಕಾಗಿ ಮನೆ ಮನೆ ತಿರುಗಬೇಕು. ಆಟೊ ಸ್ಟ್ಯಾಂಡಿನಲ್ಲಿ ಗೆಳೆಯರು, "ಏನಲೇ, ನಿಮ್ಮಕ್ಕ ಹಳೇ ಅರಿಬಿ ಬೇಡಾಕತ್ತಾಳಂತ. ನನ್ನ ಬನೀನೊಂದು ಅದ, ಬೇಕೇನು ಕೇಳು" ಎಂದು ನಕ್ಕರು. ನಾನೂ ನಕ್ಕೆ.

ಮಾನ್ವಿಯ ಒಂದು ಅಕ್ಕಿ ಗಿರಣಿಯ ಹಿಂದೆ ಗೋದಾಮು ಖಾಲಿ ಬಿದ್ದಿತ್ತು. ಅದನ್ನು ಕೇಳಲು ಅಕ್ಕ ನನ್ನ ಆಟೊದಲ್ಲೇ ಹೋದಳು. ಆ ಗಿರಣಿಯ ಅಕ್ಕಿ ಚೀಲಗಳನ್ನು ನಾನು ಆಗೀಗ ಸಾಗಿಸುತ್ತಿದ್ದೆ. ಸಾಹುಕಾರರು ಎಲ್ಲ ಕೇಳಿಸಿಕೊಂಡು, "ಕೆಲಸ ಛಲೋ ಅದವ್ವ. ನಾಳಿ ಏನಾರ ಹೆಚ್ಚುಕಮ್ಮಿ ಆದ್ರ ಬಂದು ಮಾತಾಡಾಕ ನಿಮ್ಮ ಕಡಿಯವರು ಯಾರದಾರ?" ಎಂದರು. ಭಾವ ಲಾರಿ ಮೇಲೆ ದೂರ ಹೋಗಿದ್ದರು. ಅಕ್ಕ ನನ್ನ ಕಡೆ ತಿರುಗಿದಳು. ಸಾಹುಕಾರರೂ ನೋಡಿ, "ನೀ ಏನಾಗಬೇಕೋ ಇವರಿಗೆ?" ಎಂದರು.

"ಬಾಡಿಗಿ ಬಂದೀನ್ರಿ" ಎಂದೆ.

ಗೋದಾಮು ಸಿಗಲಿಲ್ಲ. ಅಕ್ಕನನ್ನು ಆಟೊದಲ್ಲೇ ವಾಪಸು ಕರೆತಂದೆ. ಮನೆ ಮುಂದೆ ಇಳಿದು, "ಉಂಡು ಹೋಗು" ಎಂದಳು. ಬೇರೆ ಬಾಡಿಗೆ ಇದೆಯೆಂದು ಇನ್ನೊಂದು ಸುಳ್ಳು ಹೇಳಿ ಹೊರಟುಬಂದೆ.

ಕೆಲಸ ನಿಲ್ಲಲಿಲ್ಲ. ಸಂತೆಯಲ್ಲಿ ಬಳೆ ಮಾರುವ, ಓಣಿಯವರೆಲ್ಲ ಖಾಲಾ ಎಂದು ಕರೆಯುವ ಮುದುಕಿ ತನ್ನ ಅಂಗಳ ಬಿಟ್ಟುಕೊಟ್ಟಳು. ಬಾಗಲವಾಡದಿಂದ ಹೆಂಗಸರು ಸೂಜಿ ಹಿಡಿದು ಬಂದರು. ಎರಡು ಕೌದಿಗಾಗುವಷ್ಟು ಸೀರೆ ಕೊಟ್ಟ ಮನೆಗೆ ಒಂದು ಕೌದಿ ಹೊಲಿದುಕೊಡುವುದು, ಇನ್ನೊಂದನ್ನು ಮಾರಿ ಹೊಲಿದವರು ಹಂಚಿಕೊಳ್ಳುವುದು. ಅಕ್ಕ ಹಾಕಿದ ಪದ್ಧತಿ ಇದು. "ನಾ ಯಾರ ಕಡೀಗೂ ಬೇಡಾಕತ್ತಿಲ್ಲ, ಮುಯ್ಯಿ ಮಾಡಾಕತ್ತೀನಿ" ಎನ್ನುತ್ತಿದ್ದಳು.

ಆಮೇಲೊಮ್ಮೆ ದೇವದುರ್ಗದ ಕಡೆ ಲೋಡು ಇಳಿಸಿ ಬರುವಾಗ ಗೂಗಲ್ ಎಂಬ ಊರಿನವರು ಕೊಟ್ಟ ಸೀರೆಯ ಗಂಟುಗಳನ್ನು ತರಲು ಅಕ್ಕ ಹೇಳಿಕಳಿಸಿದಳು. ಇಳಿಸಿ ಓಡಿಬಿಡೋಣವೆಂದು ಖಾಲಾನ ಅಂಗಳಕ್ಕೆ ಕಾಲಿಟ್ಟವನು ಚಪ್ಪಲಿ ಬಿಟ್ಟು ನಿಂತುಬಿಟ್ಟೆ. ನೆಲದ ತುಂಬ ಒಂದು ಕೌದಿ ಹರಡಿತ್ತು. ನಾಲ್ಕು ಕಡೆ ಕೂತ ಹೆಂಗಸರು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಿದ್ದರು. ಗೆರೆ ಎಳೆದಿರಲಿಲ್ಲ, ಅಳತೆಪಟ್ಟಿ ಇರಲಿಲ್ಲ. ಬಾಯಿ ತುಂಬ ಮಾತು, ನಗೆ, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಆಡಿಕೊಳ್ಳುವುದು. ಕೈ ಮಾತ್ರ ಬಿತ್ತುವ ಕೂರಿಗೆಯ ಹಾಗೆ ಸಾಲು ಬಿಡುತ್ತಿತ್ತು. ನಾಲ್ಕು ಕಡೆಯ ಸಾಲುಗಳು ನಡುವೆ ಬಂದು ಒಂದಕ್ಕೊಂದು ಕೂಡುವುದನ್ನು ಬಾಗಿ ನೋಡಿದೆ. ನಾನು ಮುಟ್ಟಲು ನಾಚುತ್ತಿದ್ದ ಅರಿವೆ ಅದು. ಯಾರೋ ಮದುವೆಗೆ ಉಟ್ಟಿದ್ದ ಸೀರೆ, ಯಾರೋ ಕೂಸಿಗೆ ತೊಟ್ಟಿಲು ಕಟ್ಟಿದ್ದ ಸೀರೆ, ಎಲ್ಲ ಒಂದೇ ಹಾಸಿಗೆಯಾಗಿ ನನ್ನ ಮುಂದೆ ಬಿದ್ದಿತ್ತು.

ಗೋಡೆಗೆ ಇನ್ನೊಂದು ಕೌದಿ ತೂಗುಹಾಕಿದ್ದರು. ಹಸಿರು ಮೈ, ಕೆಂಪು ಅಂಚು: ಅವ್ವನ ಸೀರೆ. ಪೂರ್ತಿ ಹೊಲಿದಿತ್ತು, ಒಂದು ಮೂಲೆ ಮಾತ್ರ ಬಾಯಿ ತೆರೆದುಕೊಂಡಿತ್ತು.

"ಇದನ್ಯಾಕ ಹಂಗ ಬಿಟ್ಟೀರಿ ಖಾಲಾ?"

"ರೊಟ್ಟಿ ಬಂದಿಲ್ಲೋ ಬೇಟಾ."

ನಮ್ಮ ಕಡೆ ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಮುಚ್ಚುತ್ತಾರೆ. ಸೀರೆ ಯಾವ ಮನೆಯದೋ ರೊಟ್ಟಿಯೂ ಅದೇ ಮನೆಯಿಂದ ಬರಬೇಕು.

"ಇಲ್ಲಿ ಹೊಲಿದ ಮೊದಲನೇ ಕೌದಿ ಇದು. ನಿಮ್ಮವ್ವನ ಸೀರಿಗೆ ರೊಟ್ಟಿ ಎಲ್ಲಿಂದ ಬರಬೇಕು, ನೀನೇ ಹೇಳು. ನಿಮ್ಮಕ್ಕ, ನಮ್ಮ ತಮ್ಮ ತರ್ತಾನ ಅಂತಾಳ. ನಾ ಅಂದೆ, ಬಾಡಿಗಿ ಸಿಗಲಿಲ್ಲಂದ್ರ ತಂದಾನು ತಗೋ ಅಂತ."

ಸುತ್ತಲಿನ ಹೆಂಗಸರು ನಕ್ಕರು. ಅಕ್ಕ ತಲೆ ಎತ್ತದೆ ದಾರ ಪೋಣಿಸುತ್ತಿದ್ದಳು. ನಾನು ಗಂಟು ಇಳಿಸಿ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ.

ಗಿರಣಿಯ ಮನೆಯಿಂದಲೂ ಒಂದು ದಿನ ಸೀರೆ ಬಂದವು. ಸಾಹುಕಾರರ ತೀರಿಕೊಂಡ ತಾಯಿಯವು. ಕೌದಿ ಮನೆಗೆ ಹೋದ ಮೇಲೆ ಅವರೇ ಖಾಲಾನ ಅಂಗಳ ಹುಡುಕಿಕೊಂಡು ಬಂದು, ಹೆಂಗಸರ ನಡುವೆ ನಿಂತು, "ಗೋದಾಮು ಹಸನ ಮಾಡಿಸೀನಿ, ಬರ್ರಿ" ಎಂದರಂತೆ. ನಾನಿಲ್ಲದೆಯೇ ಎಲ್ಲ ಆಯಿತು.

ಗೋದಾಮಿಗೆ ಹೋಗುವ ದಿನ ಮುಂಜಾನೆ ನನ್ನ ಹೆಂಡತಿ ಬಡಿದ ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾನ್ವಿಗೆ ಬಂದೆ. ಗೋದಾಮಿನ ಬಾಗಿಲಲ್ಲೇ ಸಾಹುಕಾರರು, "ಏನಪ್ಪಾ, ಇವತ್ತೂ ಬಾಡಿಗೀನಾ?" ಎಂದರು.

"ಇಲ್ರಿ. ಈಕಿ ನಮ್ಮಕ್ಕ. ನಾ ತವರುಮನಿಯಾವ."

ಒಳಗೆ ಹೋದೆ. ಅಕ್ಕ ಅವ್ವನ ಕೌದಿಯನ್ನು ಮಡಿಲಲ್ಲಿ ಹರಡಿ ಆ ಮೂಲೆಯನ್ನು ಬಿಡಿಸಿ ಹಿಡಿದಳು. ರೊಟ್ಟಿ ಮುರಿದು ಒಳಗಿಟ್ಟೆ. ನನ್ನ ಬೆರಳು ಒಳಗಿರುವಾಗಲೇ ಎಲ್ಲರಿಗೂ ಕೇಳುವಂತೆ ಹೇಳಿದೆ:

"ತಪ್ಪಾತು ಯಕ್ಕಾ. ಅವತ್ತ ನೀ ನನ್ನ ಕಡಿ ನೋಡಿದಾಗ ನಿನ್ನ ತಮ್ಮ ಅನ್ನಬೇಕಿತ್ತು. ಅನ್ನಲಿಲ್ಲ."