ರುದ್ರಪ್ಪನವರ ಕಂಪ್ಯೂಟರಿಗೆ ಗಾಳಿ

ಭದ್ರಾವತಿಯಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ರುದ್ರಪ್ಪನವರ ಕಂಪ್ಯೂಟರ್ ಬಿಸಿಯಾಗಿ ತಾನಾಗಿಯೇ ಆಫ್ ಆಗುತ್ತಿತ್ತು. ಮೇಜು ಚಿಕ್ಕದು ಅಂತ ಪುಟ್ಟ ಸಿಪಿಯು ಕ್ಯಾಬಿನೆಟ್ ತಂದಿದ್ದರು. ಒಳಗೆ ಗಾಳಿ ಆಡಲು ಜಾಗವೇ ಇರಲಿಲ್ಲ. ರಿಪೇರಿಗೆ ಹೋದ ನಾನು ಅದರ ಪಕ್ಕದ ತಗಡಿಗೆ ಸಾಲಾಗಿ ತೂತು ಕೊರೆದು, ಒಳಗೊಂದು ಫ್ಯಾನ್ ಕೂರಿಸಿ ಶಿವಮೊಗ್ಗಕ್ಕೆ ವಾಪಸಾದೆ.

ಶುಕ್ರವಾರ ಬೆಳಿಗ್ಗೆ ಫೋನ್ ಬಂತು. "ಮತ್ತೆ ಆಫ್ ಆಗ್ತಾ ಇದೆ ಸಾರ್. ಸಂಜೆಯೊಳಗೆ ಕಾರ್ಡ್ ಕೊಡದಿದ್ರೆ ಹೊಳೆಹೊನ್ನೂರಿನ ಪಾರ್ಟಿ ಬೇರೆ ಕಡೆ ಹೋಗ್ತಾರೆ."

ಫ್ಯಾನ್ ಉಲ್ಟಾ ಕೂರಿಸಿದೆನೇನೋ ಎಂಬ ಅನುಮಾನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊರೆಯಿತು. ಹೋಗಿ ನೋಡಿದರೆ ನನ್ನ ತೂತುಗಳಲ್ಲೆಲ್ಲ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಫ್ಯಾನಿನ ರೆಕ್ಕೆಗೆ ಬೂದಿ ಮೆತ್ತಿತ್ತು.

"ಇದೇನ್ರೀ?"

"ಪೂಜೆ ಸಾರ್. ಕಡ್ಡಿ ಅಳತೆ ತಗೊಂಡೇ ಕೊರೆದ ಹಾಗಿದೆ."

"ಅದು ಗಾಳಿಗೆ."

"ಹೊಗೆನೂ ಗಾಳಿ ಜೊತೇಲೇ ಹೋಗುತ್ತಲ್ಲ ಮಾರಾಯ್ರೆ."

ವಾದಕ್ಕೆ ಕೂತರೆ ಕಾರ್ಡ್ ಆಗುವುದಿಲ್ಲ. ಕಡ್ಡಿ ಕಿತ್ತು, ಬೂದಿ ಒರೆಸಿ, ಮೇಜಿನ ಅಂಚಿಗೆ ಎರಡು ತೂತು ಕೊರೆದು, "ಇವು ದೇವರಿಗೆ" ಅಂದೆ. ರುದ್ರಪ್ಪ ಮೇಜಿಗೆ ಕೈ ಮುಗಿದರು. ಸಂಜೆಯ ಹೊತ್ತಿಗೆ ಕಾರ್ಡ್‌ಗಳು ಹೊರಟವು.

ಮುಂದಿನ ವಾರ ಪಕ್ಕದ ಜೆರಾಕ್ಸ್ ಅಂಗಡಿಯವರು ಕರೆಸಿದರು. ಅವರ ಮಿಷನ್ ಚೆನ್ನಾಗಿಯೇ ಓಡುತ್ತಿತ್ತು. ಮೇಜಿಗೆ ಎರಡು ತೂತು ಬೇಕಿತ್ತಂತೆ.