ಹುಳದ ಮನೆಗೆ ಬಂದ ಮಜ್ಜಿಗೆಹುಲ್ಲಿನ ಎಣ್ಣೆ

ಹೊಂಗನೂರಿನಲ್ಲಿ ರೇಷ್ಮೆ ಹುಳ ಸಾಕುವವರ ಮನೆಗಳಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ. ಅದರ ಹೊಗೆ ತಾಗಿದ ಹುಳ ತಲೆ ಎತ್ತಿ ಹಸಿರು ಕಾರಿಕೊಂಡು ಸಾಯುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್ಡಿನದೂ ಅದೇ ಕತೆ. ನಮ್ಮ ಮಲಗುವ ಕೋಣೆಗೂ ಹುಳದ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಸೂರಿನವರೆಗೆ ಮುಟ್ಟದ ಗೋಡೆ. ಹಾಗಾಗಿ ಸೊಳ್ಳೆ ಕಚ್ಚಿದರೆ ಹೊಡೆದುಕೊಳ್ಳುವುದು, ರಾತ್ರಿ ಪರದೆ ಕಟ್ಟಿಕೊಳ್ಳುವುದು, ಇಷ್ಟೇ ನಮಗೆ ಗೊತ್ತಿದ್ದ ಉಪಾಯ. ಮದುವೆಯಾಗಿ ಬಂದವಳು ನಾನೂ ಅದಕ್ಕೆ ಒಗ್ಗಿಕೊಂಡಿದ್ದೆ.

ಆ ಮಳೆಗಾಲದಲ್ಲಿ ನನ್ನ ಗಂಡನಿಗೆ ಡೆಂಗಿ ಬಂತು. ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಅಪಾಯ ಕಳೆಯಿತೆಂದು ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದರು: ಇದು ಹಗಲು ಕಚ್ಚುವ ಸೊಳ್ಳೆ, ಜ್ವರ ಪೂರ್ತಿ ಬಿಡುವವರೆಗೆ ಇವರನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೂ ಅಂಟಿಸುತ್ತದೆ, ಹಗಲಲ್ಲೂ ಪರದೆಯೊಳಗೇ ಇರಿಸಿ.

ಮನೆಗೆ ಬಂದರೆ ಹುಳಗಳು ಆಗತಾನೆ ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ನಿಲ್ಲಿಸಿ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎಂದೇ ಹೇಳುವುದು. ನಾಲ್ಕನೆಯದು ಎದ್ದ ಮೇಲೆ ಅವಕ್ಕೆ ಹಸಿವೋ ಹಸಿವು. ಹಿಪ್ಪುನೇರಳೆ ಸೊಪ್ಪು ಹಾಕಿದಷ್ಟೂ ಮೇಯುತ್ತವೆ. ಇನ್ನು ಕೆಲವು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತವೆ. ಆ ಹೊತ್ತಿನಲ್ಲಿ ಹುಳ ಹೋದರೆ ಎಲ್ಲ ಹೋದ ಹಾಗೆ.

ನನ್ನ ಗಂಡ ಪರದೆಯೊಳಗೆ ಕೂರಲಿಲ್ಲ. ಸೆಕೆ ಎಂದು ಎತ್ತಿ ಹಾಕುತ್ತಿದ್ದರು. ತಡೆಯಲಾರದೆ, "ಈ ಸಲ ಬತ್ತಿ ಹಚ್ಚಿಬಿಡ್ತೀನಿ ಕಣ್ರೀ" ಎಂದೆ.

"ಬ್ಯಾಡ ಕಣೇ, ಹುಳ ಸಾಯ್ತವೆ. ನಂಗೇನಾಗೈತೆ ಈಗ? ಎದ್ದೇ ಬಂದಿವ್ನಲ್ಲ" ಎಂದರು. ಎದ್ದು ಬಂದವರು ಮತ್ತೆ ಹಾಸಿಗೆಗೆ ಒರಗಿದರು.

ಒಂದು ಬೆಳಿಗ್ಗೆ ಬೀದಿಗೆ ಸೊಳ್ಳೆಗೆ ಹೊಗೆ ಹೊಡೆಯುವವರು ಬಂದರು. ಮೆಷಿನ್ನಿನ ಸದ್ದು ಕೇಳಿದ್ದೇ ತಡ, ಮಲಗಿದ್ದವರು ಲುಂಗಿ ಸುತ್ತಿಕೊಂಡು ಬಾಗಿಲಿಗೆ ಹೋಗಿ ಕೈ ಅಡ್ಡ ಹಿಡಿದು ನಿಂತರು. "ಈ ಕಡೆ ಬ್ಯಾಡ ಕಣಣ್ಣ, ಒಳಗೆ ಹುಳ ಅವೆ." ಮೆಷಿನ್ ಹೊತ್ತವನು ನಿಂತ. ಎದುರು ಮನೆಯವಳು ಹೊರಗೆ ಬಂದಳು. ಅವರು ಹುಳ ಸಾಕುವುದು ಬಿಟ್ಟು ಬಹಳ ಕಾಲವಾಗಿತ್ತು. ಅವಳ ಬಸುರಿ ಸೊಸೆ ಹಿಂದಿನ ದಿನದಿಂದ ಜ್ವರದಲ್ಲಿ ಮಲಗಿದ್ದಳು.

"ನಿಮ್ ಹುಳ ಬದುಕ್ಬೇಕು ಅಂತ ನಮ್ ಮನೆ ಹೆಣ್ಣು ಸಾಯ್ಬೇಕೇನಪ್ಪಾ?" ಎಂದು ಕೇಳಿದಳು.

ನನ್ನ ಗಂಡ ಬಾಗಿಲು ಬಿಟ್ಟು ಸರಿಯಲಿಲ್ಲ. ಹೊಗೆಯವನು ಇಬ್ಬರ ಮುಖವನ್ನೂ ನೋಡಿ, ಎರಡೂ ಮನೆಗಳನ್ನು ಬಿಟ್ಟು ಮುಂದಕ್ಕೆ ಹೋದ. ಎದುರು ಮನೆಯವಳು ಕದ ಹಾಕಿಕೊಂಡಳು. ನನಗೆ ಆಗ ಅವಳ ಮಾತು ತಪ್ಪು ಎನಿಸಲಿಲ್ಲ. ನನ್ನ ಗಂಡನದೂ ತಪ್ಪು ಎನಿಸಲಿಲ್ಲ.

ಆ ಮಧ್ಯಾಹ್ನ ಸೋಲೂರಿನಿಂದ ಅತ್ತಿಗೆ ಬಂದರು. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಅವರು ತೋಟದ ಬದುವಿನಲ್ಲಿ ಮಜ್ಜಿಗೆಹುಲ್ಲು ಬೆಳೆದು, ಡ್ರಮ್ಮಿನಲ್ಲಿ ಬೇಯಿಸಿ, ಆವಿ ಇಳಿಸಿ ಎಣ್ಣೆ ತೆಗೆಯುತ್ತಿದ್ದರು. ಒಂದು ಬಾಟಲಿ ಎಣ್ಣೆಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮುಚ್ಚಳ ತೆಗೆದರೆ ಮನೆಯೆಲ್ಲ ನಿಂಬೆಯಂಥ ವಾಸನೆ.

"ಇದನ್ನ ಕೊಬ್ಬರಿ ಎಣ್ಣೆಗೆ ಬೆರ್ಸಿ ಕೈಕಾಲಿಗೆ ಹಚ್ಚವ್ವ. ಒಂದೂ ಸೊಳ್ಳೆ ಹತ್ರಕ್ಕೆ ಬರಕ್ಕಿಲ್ಲ" ಎಂದರು.

ತಮ್ಮನಿಗೆ ಅವರೇ ಹಚ್ಚಿದರು. ತಾವೂ ಹಚ್ಚಿಕೊಂಡರು. ಅದು ನಿಜಕ್ಕೂ ಕೆಲಸ ಮಾಡಿತು. ವಾಸನೆ ಗಾಢವಾಗಿರುವಷ್ಟು ಹೊತ್ತು ಸೊಳ್ಳೆ ಸುಳಿಯಲಿಲ್ಲ. ವಾಸನೆ ಇಳಿದಂತೆ ಮತ್ತೆ ಬಂದವು, ಮತ್ತೆ ಹಚ್ಚಿದೆವು. ನನ್ನ ಗಂಡ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ ಹಗಲು ನಿದ್ದೆ ಮಾಡಿದರು. ಅತ್ತಿಗೆಯ ಮುಖದಲ್ಲಿ ಗೆಲುವಿತ್ತು. ಸುಮ್ಮನೆ ಕೂರಲಾರದೆ ನನ್ನ ಜೊತೆ ಸೊಪ್ಪು ಹಾಕುವುದಕ್ಕೂ ಬಂದು, ಗೋಡೆ ಬದಿಯ ಸ್ಟ್ಯಾಂಡಿನಲ್ಲಿ ಮೇಲೆ ಕೆಳಗೆ ಜೋಡಿಸಿದ್ದ ಹುಳದ ತಟ್ಟೆಗಳಿಗೆಲ್ಲ ತಾವೇ ಹಾಕಿದರು.

ಸಂಜೆ ನೋಡಿದರೆ ಆ ತಟ್ಟೆಗಳಲ್ಲಿ ಸೊಪ್ಪು ಹಾಗೇ ಇತ್ತು. ಬೇರೆ ಕಡೆ ಹುಳ ಮೇಯುವ ಸದ್ದು ಮಳೆ ಹನಿದಂತೆ ಕೇಳುತ್ತಿತ್ತು, ಅಲ್ಲಿ ಮಾತ್ರ ಸದ್ದಿಲ್ಲ. ಹುಳಗಳು ತಟ್ಟೆಯ ಅಂಚಿಗೆ ಸರಿದು ತಲೆ ಆಡಿಸುತ್ತಿದ್ದವು. ಒಂದು ಎಲೆ ಎತ್ತಿ ಮೂಸಿದೆ. ಮಜ್ಜಿಗೆಹುಲ್ಲು.

ನನ್ನ ಗಂಡ ಎದ್ದು ಬಂದರು. "ಎಣ್ಣೆ ಕೈಯಲ್ಲಿ ಸೊಪ್ಪು ಮುಟ್ಟಿದ್ಯಾ? ಏನ್ ಮಾಡ್ಬುಟ್ಟೆ ಅಕ್ಕಾ!"

"ನಿನ್ನ ನೋಡ್ಕಳಕ್ಕೆ ಬಂದೆ ಕಣ್ಲಾ, ನಿನ್ ಹುಳ ನೋಡ್ಕಳಕ್ಕಲ್ಲ" ಎಂದರು ಅತ್ತಿಗೆ. ಹಿತ್ತಲಿಗೆ ಹೋಗಿ ಸೋಪು ಹಾಕಿ ಕೈ ತೊಳೆಯತೊಡಗಿದರು. ಬಹಳ ಹೊತ್ತು ತೊಳೆದರು.

ನಾನು ಆ ಸೊಪ್ಪನ್ನೆಲ್ಲ ಬಾಚಿ ತೆಗೆದು ಹೊಸ ಸೊಪ್ಪು ಹಾಕಿದೆ. ಕೆಳಗಿನ ತಟ್ಟೆಗೆ ಹಾಕಲು ಕುಕ್ಕರಗಾಲಲ್ಲಿ ಕೂತಾಗ ಮೊಣಕಾಲಿನ ಹತ್ತಿರ ಸೊಳ್ಳೆ ಎದ್ದವು, ಒಂದಲ್ಲ ಎರಡಲ್ಲ. ಎಲ್ಲಿಂದ ಎದ್ದವೆಂದು ನೋಡಿದೆ. ಹುಳಕ್ಕೆ ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಪ್ರತಿ ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲು ಇಟ್ಟಿರುತ್ತೇವೆ. ನೀರು ಇಂಗಿದರೆ ಮೇಲಿಂದ ಇನ್ನಷ್ಟು ಸುರಿಯುತ್ತೇವೆಯೇ ಹೊರತು ಬಟ್ಟಲನ್ನು ಚೆಲ್ಲುವುದಿಲ್ಲ, ಹುಳ ತುಂಬಿದ ಸ್ಟ್ಯಾಂಡನ್ನು ಎತ್ತುವವರಾರು? ಮೊಬೈಲಿನ ಬೆಳಕು ಬಿಟ್ಟೆ. ಬಟ್ಟಲಿನ ತುಂಬ ಸೊಳ್ಳೆ ಮರಿಗಳು, ಕೊಂಕಿ ಕೊಂಕಿ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದವು. ಪಕ್ಕದ ಬಟ್ಟಲಿನಲ್ಲೂ ಅದೇ.

ಇಬ್ಬರನ್ನೂ ಕರೆದು ತೋರಿಸಿದೆ. ನನ್ನ ಗಂಡ ಗೋಡೆಗೆ ಒರಗಿ ನಿಂತರು. "ಇಲ್ಲೇ ಹುಟ್ತಾ ಅವಲ್ಲ" ಎಂದರು.

ಅತ್ತಿಗೆ ಒಂದು ಚೊಂಬಿಗೆ ಆ ನೀರನ್ನು ಮೊಗೆದುಕೊಂಡು ಹಿತ್ತಲಿಗೆ ಒಯ್ದರು. ಎಣ್ಣೆ ಬರಿಯ ನೀರಿಗೆ ಬೆರೆಯುವುದಿಲ್ಲವೆಂದು ಒಸಿ ಸೋಪಿನ ನೀರಿನಲ್ಲಿ ಕದಡಿ ಚೊಂಬಿಗೆ ಬಿಟ್ಟರು. ಬೆಳಿಗ್ಗೆ ನೋಡಿದಾಗ ಮರಿಗಳೆಲ್ಲ ತಳದಲ್ಲಿ ಬಿದ್ದಿದ್ದವು. ಎಣ್ಣೆಯೋ ಸೋಪೋ, ಯಾವುದು ಕೊಂದಿತೆಂದು ನನಗೆ ಅನುಮಾನವಿತ್ತು. ಇನ್ನೊಂದು ಲೋಟದಲ್ಲಿ ಬರಿಯ ಸೋಪಿನ ನೀರು ಬಿಟ್ಟು ನೋಡಿದೆ. ಅದರಲ್ಲಿ ಬಹಳಷ್ಟು ಮರಿಗಳು ಆಡುತ್ತಲೇ ಇದ್ದವು.

ಹಾಗೆಂದು ಹುಳದ ಮನೆಯ ಬಟ್ಟಲಿಗೆ ಎಣ್ಣೆ ಬಿಡುವಂತಿರಲಿಲ್ಲ. ಅತ್ತಿಗೆಯೂ ಒತ್ತಾಯ ಮಾಡಲಿಲ್ಲ. ನಾನೂ ಅವರೂ ಹಳೆಯ ಬನಿಯನ್ ಹರಿದು, ಬಟ್ಟಲುಗಳ ನೀರನ್ನೆಲ್ಲ ಅದರಲ್ಲಿ ಹೀರಿ ತೆಗೆದು, ಉಜ್ಜಿ, ಹೊಸ ನೀರು ತುಂಬಿದೆವು. ಎಣ್ಣೆಯನ್ನು ಹೊರಗಿನ ಕೆಲಸಕ್ಕೆ ಇಟ್ಟುಕೊಂಡೆವು. ಹಿತ್ತಲಿನ ಮೋರಿಗೆ, ನೀರು ಚೆಲ್ಲಲಾಗದ ಹಳೆಯ ಕಲ್ಲಿನ ತೊಟ್ಟಿಗೆ ಬಿಟ್ಟೆವು. ಮೈಗೆ ಹಚ್ಚಿಕೊಂಡವರು ಹುಳದ ಮನೆಯ ಹೊಸಿಲು ದಾಟಬಾರದೆಂದಾಯಿತು.

ಮಿಕ್ಕ ಎಣ್ಣೆ ತೆಗೆದುಕೊಂಡು ಅತ್ತಿಗೆ ಎದುರು ಮನೆಗೆ ಹೋಗುತ್ತೇನೆಂದರು. ನಾನೂ ಹೋದೆ. ಕದ ತೆರೆದವಳು ನಮ್ಮನ್ನು ಒಳಗೆ ಕರೆಯಲಿಲ್ಲ, ಹೋಗಿ ಎನ್ನಲೂ ಇಲ್ಲ. ಬಟ್ಟಲಿನ ವಿಷಯವನ್ನು ಅತ್ತಿಗೆ ನೇರವಾಗಿ ಹೇಳಿದರು. "ನಿಮ್ಮಲ್ಲೂ ಒಂದ್ಸಲ ನೋಡವ್ವ" ಎಂದರು. ಅವಳ ಬಚ್ಚಲ ಡ್ರಮ್ಮಿನಲ್ಲೂ ಮರಿಗಳಿದ್ದವು. ಮೂವರೂ ಸೇರಿ ಡ್ರಮ್ ಉರುಳಿಸಿದೆವು. ಬಸುರಿಗೆ ಎಣ್ಣೆ ಹಚ್ಚಬಹುದೋ ಇಲ್ಲವೋ ತಿಳಿಯದೆ ಅತ್ತಿಗೆಗೆ ಧೈರ್ಯವಾಗಲಿಲ್ಲ. ಬಟ್ಟೆ ಚೂರಿಗೆ ಹನಿಸಿ ಕಿಟಕಿಗೆ ಕಟ್ಟಿದರು. ಹುಡುಗಿಗೆ ಬಂದಿದ್ದುದು ಡೆಂಗಿಯಲ್ಲವೆಂದು ಆಮೇಲೆ ಗೊತ್ತಾಯಿತು. ಮನೆಯವಳು ಅದನ್ನು ನಮ್ಮ ಬಾಗಿಲಿಗೆ ಬಂದೇ ಹೇಳಿದಳು.

ಹುಳ ಹಣ್ಣಾಗುವ ಮುಂಚೆ ಅತ್ತಿಗೆ ಊರಿಗೆ ಹೊರಟರು. ಗೋಡೆ ಬದಿಯ ಸ್ಟ್ಯಾಂಡಿನ ಹುಳಗಳು ಮತ್ತೆ ಮೇಯಲು ಹಿಡಿದಿದ್ದವು, ಆದರೆ ಮಿಕ್ಕವಷ್ಟು ದಪ್ಪವಾಗಲಿಲ್ಲ. ಅವು ಕಟ್ಟಿದ ಗೂಡು ತೆಳುವಾಗಿತ್ತು. ರಾಮನಗರದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ಸಾಹೇಬರೊಬ್ಬರು ಬೆರಳಲ್ಲಿ ಒತ್ತಿ ನೋಡಿ, "ಇದಕ್ಕೆ ಏನಾಯ್ತಮ್ಮ?" ಎಂದು ಅಷ್ಟನ್ನೇ ಬೇರೆ ಸರಿಸಿದರು.

ಅಲ್ಲಿಂದಲೇ ನನ್ನ ಗಂಡ ಸೋಲೂರಿಗೆ ಫೋನ್ ಮಾಡಿದರು. ಅತ್ತಿಗೆ ಮೊದಲು ಇವರ ಮೈ ಹೇಗಿದೆ ಎಂದು ಕೇಳಿದರು. ಆಮೇಲೆ ಗೂಡು ಹೆಂಗ್ ಬಂತು ಎಂದರು.

"ಎಲ್ಲ ಚೆನ್ನಾಗಿ ಬಂದವೆ ಕಣಕ್ಕ, ಒಂದೂ ಕೆಟ್ಟಿಲ್ಲ" ಎಂದರು ನನ್ನ ಗಂಡ. ನಾನು ಪಕ್ಕದಲ್ಲಿ ನಿಂತು ಖಾಲಿ ಚೀಲ ಮಡಿಸುತ್ತಿದ್ದೆ.