ಭೇದಿ ಅಕ್ಕನ ನಾಲ್ಕನೇ ರೋಗಿ

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಭೇದಿ ಅಕ್ಕ ಎಂದೇ. ಇಪ್ಪತ್ತಾರು ವರ್ಷಗಳಿಂದ ಆಕೆಗೆ ಒಂದೇ ಕೆಲಸ: ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದವರ ಮಲದಲ್ಲಿ ಸಾಲ್ಮೊನೆಲ್ಲ ರೋಗಾಣು ಸಿಕ್ಕರೆ, ಅದು ಯಾವ ಬಗೆಯದೆಂದು ಗುರುತಿಸುವುದು. ಅದರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಬಗೆಗಳಿವೆ. ಬಗೆಗಳನ್ನು ಪತ್ತೆಹಚ್ಚುವ ದ್ರವ ಸೀರಮ್, ಬೇರೆ ಬೇರೆ ಬಗೆಗೆ ಬೇರೆ ಬೇರೆ ಸೀಸೆ. ಗಾಜಿನ ಪಟ್ಟಿಯ ಮೇಲೆ ಅದರದೊಂದು ಹನಿ, ಅದಕ್ಕೆ ಚಿಟಿಕೆಗಿಂತ ಕಡಿಮೆ ರೋಗಾಣು. ಪಟ್ಟಿಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅತ್ತಿತ್ತ ವಾಲಿಸಬೇಕು. ಬಗೆ ಹೊಂದಿದರೆ ಹನಿ ಒಡೆದ ಹಾಲಿನಂತೆ ಕಾಳುಕಾಳಾಗುತ್ತದೆ. ಹೊಂದದಿದ್ದರೆ ಇನ್ನೊಂದು ಸೀಸೆ, ಇನ್ನೊಂದು ಹನಿ.

ಮನೆಯೆಂದರೆ ಅಣ್ಣನ ಮನೆಯ ಮಹಡಿಯ ಕೋಣೆ. ಅಡುಗೆಮನೆಗೆ ಕಾಲಿಟ್ಟರೆ ಅತ್ತಿಗೆ, "ನೀನು ಕೂತ್ಕೋ, ನಾನೇ ತಂದ್ಕೊಡ್ತೀನಿ" ಎನ್ನುತ್ತಿದ್ದಳು. ಮಾತೇನೋ ಬೆಣ್ಣೆಯಂತಿತ್ತು, ಆದರೆ ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಪ್ರಯೋಗಾಲಯದಲ್ಲೂ ಆಕೆಯ ಡಬ್ಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ. "ಇವತ್ತು ಅಕ್ಕನ ಡಬ್ಬಿ ತಿಂದ್ರೆ, ನಾಳೆ ಅಕ್ಕನ ಮೇಜಿನ ಮೇಲೇ ಇರ್ತೀವಿ" ಎಂದು ಗುಮಾಸ್ತ ಎಲ್ಲರನ್ನೂ ನಗಿಸುತ್ತಿದ್ದ. ಆಕೆಯೂ ನಕ್ಕು, ಕಿಟಕಿಯ ಕಡೆ ತಿರುಗಿ ಊಟ ಮುಗಿಸುತ್ತಿದ್ದಳು.

ಒಂದು ವಾರ, ಮೂರು ಆಸ್ಪತ್ರೆಗಳಿಂದ ಬಂದ ನಾಲ್ಕು ಮಾದರಿಗಳಲ್ಲಿ ಒಂದೇ ಬಗೆ ಕಾಣಿಸಿತು. ಇಷ್ಟು ವರ್ಷಗಳಲ್ಲಿ ಆಕೆ ಎರಡೇ ಸಲ ಕಂಡಿದ್ದ ಅಪರೂಪದ ಬಗೆ. ಒಬ್ಬರ ಮುಖ ಒಬ್ಬರು ನೋಡಿರದ ನಾಲ್ವರ ಹೊಟ್ಟೆಗೆ ಒಂದೇ ಪದಾರ್ಥ ಸೇರಿದೆ ಎಂದು ಆಕೆಗೆ ಅನ್ನಿಸಿತು. ಫುಡ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದಳು.

"ಮೂರು ಜನ ಬೇಯಿಸಿದ ಮೊಟ್ಟೆ ತಿಂದಿದಾರೆ ಮೇಡಂ. ಮೊಟ್ಟೇದೇ ಕೆಲಸ, ಬಿಡಿ."

"ನಾಲ್ಕನೆಯವರು?"

"ಯಾರೋ ಟೈಲರ್. ಏನು ತಿಂದ್ರಿ ಅಂದ್ರೆ ನೆನಪಿಲ್ಲ ಅಂತಾನೆ."

ಸಂಜೆ ಆಕೆಯೇ ಹುಡುಕಿಕೊಂಡು ಹೋದಳು. ಓಣಿಯ ಕೊನೆಗೆ ಹೊಲಿಗೆ ಅಂಗಡಿ, ಅದರ ಹಿಂದೆಯೇ ಆತನ ಕೋಣೆ. ಅರವತ್ತು ದಾಟಿದ ಒಂಟಿ ಮನುಷ್ಯ. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು, ಕಣ್ಣು ಒಳಗೆ ಹೋಗಿತ್ತು.

"ಕಾಯಿಲೆ ಬೀಳೋಕೆ ಮುಂಚೆ, ಆ ವಾರ ಪೂರ್ತಿ ಏನೇನು ತಿಂದ್ರಿ? ನಿಧಾನಕ್ಕೆ ಹೇಳಿ."

ಆತ ಆಕೆಯನ್ನೇ ನೋಡಿದ. "ನಾನು ಏನು ತಿಂದ್ರೆ ಯಾರಿಗೇನಮ್ಮ?"

"ನನಗೆ ಬೇಕು."

ಆಮೇಲೆ ಆತನ ಮಾತಿನ ಕಟ್ಟೆಯೇ ಒಡೆಯಿತು. ಬ್ರೆಡ್ಡು, ಅನ್ನ, ಒಲೆ ಹಚ್ಚಲು ಬೇಜಾರಾಗಿ ನೀರು ಕುಡಿದು ಮಲಗಿದ ಬುಧವಾರ, ಎಲ್ಲವೂ ಬಂತು. ಆಕೆ ಒಂದನ್ನೂ ಬಿಡದೆ ಬರೆದುಕೊಂಡಳು.

"ಮೊಟ್ಟೆ?"

"ಅಯ್ಯೋ, ಅದರ ವಾಸನೆ ಕಂಡ್ರೇ ಆಗಲ್ಲ. ಸಂಜೆ ಮಾತ್ರ ಸೌತೆಕಾಯಿ, ಉಪ್ಪು, ಕರಿಮೆಣಸಿನ ಪುಡಿ. ಹಲ್ಲು ಹೋದ್ರೂ ನಾಲಿಗೆ ಚಪಲ ಹೋಗ್ಲಿಲ್ಲ ನೋಡಿ."

ಆಕೆಯ ಪೆನ್ನು ನಿಂತಿತು. ಬೇಯಿಸಿದ ಮೊಟ್ಟೆಗೂ ಜನ ಕರಿಮೆಣಸಿನ ಪುಡಿ ಉದುರಿಸುತ್ತಾರಲ್ಲ! ಅರ್ಧ ಉಳಿದಿದ್ದ ಪೊಟ್ಟಣವನ್ನು ಕೇಳಿ ತೆಗೆದುಕೊಂಡಳು. ಹೊರಡುವಾಗ ಆತ ಬಾಗಿಲವರೆಗೆ ಬಂದು, "ಇನ್ನೇನಾದ್ರೂ ಕೇಳೋದಿದ್ರೆ ಬನ್ನಿ. ನಾನು ಎಲ್ಲೂ ಹೋಗಲ್ಲ" ಎಂದ.

ಐದನೆಯ ದಿನ, ಪೊಟ್ಟಣದ ಪುಡಿಯಿಂದ ಬೆಳೆಸಿದ ರೋಗಾಣು ಗಾಜಿನ ಪಟ್ಟಿಯ ಮೇಲೆ ಕಾಳುಕಾಳಾಯಿತು. ಅದೇ ಬಗೆ. ಉಳಿದ ಮೂವರ ಮನೆಯಲ್ಲೂ ಅದೇ ಕಂಪನಿಯ ಪುಡಿ ಸಿಕ್ಕಿತು. ಅಂಗಡಿಗಳಿಂದ ಪೊಟ್ಟಣಗಳನ್ನು ವಾಪಸು ತರಿಸಿದರು. "ಮೊಟ್ಟೆ ಬಚಾವಾಯ್ತು ಮೇಡಂ" ಎಂದು ಇನ್‌ಸ್ಪೆಕ್ಟರ್ ಫೋನಿನಲ್ಲಿ ನಕ್ಕರು. ಮನೆಯಲ್ಲಿ ಈ ಸುದ್ದಿ ಹೇಳಲು ಹೊರಟರೆ ಅತ್ತಿಗೆ, "ಊಟದ ಹೊತ್ತಲ್ಲಿ ಅದೆಲ್ಲ ಬೇಡ ಕಣೇ" ಎಂದಳು.

ಭಾನುವಾರ ಆಕೆ ಟೈಲರನಿಗೆ ಹೇಳಲು ಹೊರಟಳು. ಸುಮ್ಮನೆ ಹೋಗಲು ಸಂಕೋಚವಾಗಿ, ನೆಪಕ್ಕೆಂದು ಎರಡು ಮೀಟರ್ ನೀಲಿ ಬಟ್ಟೆ ಕೊಂಡಳು. ಅಂಗಡಿಯ ಶಟರ್ ಇಳಿದಿತ್ತು.

"ತಂಗಿ ಬಂದು ಕರ್ಕೊಂಡು ಹೋದ್ರು" ಎಂದ ಪಕ್ಕದ ಕ್ಷೌರಿಕ. "ಹನ್ನೆರಡು ವರ್ಷ ಮಾತಿರ್ಲಿಲ್ಲ ಅಣ್ಣ ತಂಗೀಗೆ. ಆಸ್ಪತ್ರೆ ಅಂತ ಕೇಳಿದ್ದೇ ಓಡಿ ಬಂದ್ರು. ಇನ್ನು ಬರಲ್ಲ ಅನ್ಸತ್ತೆ."

"ಒಳ್ಳೇದಾಯ್ತು" ಎಂದಳು ಆಕೆ. ನಿಜವಾಗಿಯೂ ಒಳ್ಳೆಯದೇ ಆಗಿತ್ತು. ಬಸ್‌ಸ್ಟಾಪಿನವರೆಗೆ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ನಡೆದಳು.

ದಾರಿಯಲ್ಲಿ ಇನ್ನೂ ಎರಡು ಹೊಲಿಗೆ ಅಂಗಡಿಗಳಿದ್ದವು. ಆಕೆ ನಿಲ್ಲಲಿಲ್ಲ.